ಕೋಬಾಲ್: ಕೈಬಿಡುವ ಮುನ್ನ ಓದಬೇಕಾದ ಭಾಷೆ

ಕಂಪ್ಯೂಟರಿಗೆ ಕೆಲಸ ಒಪ್ಪಿಸಲು ಮನುಷ್ಯ ರೂಪಿಸಿಕೊಂಡಿರುವ ಕೃತಕ ಭಾಷೆಗಳನ್ನು ಪ್ರೋಗ್ರಾಮಿಂಗ್ ಭಾಷೆಗಳೆಂದು ಕರೆಯುತ್ತಾರೆ. ಯಂತ್ರಗಳು ಬದಲಾದಂತೆ ಹೊಸ ಭಾಷೆಗಳು ಹುಟ್ಟುತ್ತವೆ, ಹಳೆಯವುಗಳಲ್ಲಿ ಹೆಚ್ಚಿನವು ಯಾರ ಗಮನಕ್ಕೂ ಬಾರದೆ ಬಳಕೆ ತಪ್ಪುತ್ತವೆ. ಆದರೆ ಕೆಲವು ಭಾಷೆಗಳು ತಮ್ಮ ಕಾಲ ಮುಗಿಯಿತೆಂದು ತಜ್ಞರು ತೀರ್ಪು ಕೊಟ್ಟ ಮೇಲೂ ದಶಕಗಳ ಕಾಲ ದುಡಿಯುತ್ತಲೇ ಇರುತ್ತವೆ, ಮತ್ತು ಅವುಗಳನ್ನು ಸೇವೆಯಿಂದ ಬಿಡುಗಡೆ ಮಾಡಬೇಕೇ ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಈ ಪ್ರಶ್ನೆಯನ್ನು ಬಹಳ ಕಾಲದಿಂದ ಎದುರಿಸುತ್ತ ಬಂದಿರುವ ಭಾಷೆ ಕೋಬಾಲ್. 1959ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳು ಇಂದಿಗೂ ಹಲವು ದೇಶಗಳ ದೊಡ್ಡ ಬ್ಯಾಂಕುಗಳಲ್ಲಿ, ವಿಮಾ ಕಂಪನಿಗಳಲ್ಲಿ, ತೆರಿಗೆ ಮತ್ತು ಪಿಂಚಣಿ ಇಲಾಖೆಗಳಲ್ಲಿ ಲೆಕ್ಕ ಹಾಕುತ್ತಿವೆ. ಅವುಗಳನ್ನು ಬರೆದವರಲ್ಲಿ ಬಹುಪಾಲು ಮಂದಿ ನಿವೃತ್ತರಾಗಿದ್ದಾರೆ. ಕಾಲೇಜುಗಳು ಆ ಭಾಷೆಯನ್ನು ಪಠ್ಯದಿಂದ ತೆಗೆದು ಬಹಳ ಕಾಲವಾಗಿದೆ. ಹಾಗಿದ್ದರೆ ಭಾಷೆಯೂ ಹೋಗಬೇಕಲ್ಲವೇ ಎಂಬ ವಾದ ಮೇಲ್ನೋಟಕ್ಕೆ ಸಹಜವಾಗಿಯೇ ಕಾಣುತ್ತದೆ.

ಆದರೆ ಈ ಪ್ರಶ್ನೆಗೆ ಉತ್ತರ ಹುಡುಕುವವರು ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಡಿ ಕಲಸಿಬಿಡುತ್ತಾರೆ. ಮೊದಲನೆಯದು ಭಾಷೆ, ಅಂದರೆ ವ್ಯಾಕರಣ ಮತ್ತು ಪದಗಳ ಒಂದು ನಿಯಮಾವಳಿ. ಎರಡನೆಯದು ಆ ಭಾಷೆಯಲ್ಲಿ ಬರೆದ ಪ್ರೋಗ್ರಾಮು. ಮೂರನೆಯದು ಅದು ಓಡುವ ಯಂತ್ರ. ನಾಲ್ಕನೆಯದು ಆ ಪ್ರೋಗ್ರಾಮು ವರ್ಷಗಳಿಂದ ಕಾಪಾಡಿಕೊಂಡು ಬಂದಿರುವ ದತ್ತಾಂಶ. ಅಮೆರಿಕದ ಸಂಸತ್ತಿನ ಪರವಾಗಿ ಸರ್ಕಾರಿ ಲೆಕ್ಕಪತ್ರಗಳನ್ನು ಪರಿಶೀಲಿಸುವ ಕಚೇರಿ 2016ರಲ್ಲಿ ಹೊರತಂದ ವರದಿಯಲ್ಲಿ ಇವುಗಳಲ್ಲಿ ಎರಡಕ್ಕೆ ಸ್ಪಷ್ಟ ಉದಾಹರಣೆಗಳಿವೆ. ಅಣ್ವಸ್ತ್ರ ಪಡೆಗಳ ಸಂಪರ್ಕಕ್ಕೆ ಬಳಸುತ್ತಿದ್ದ ಒಂದು ವ್ಯವಸ್ಥೆ ಆಗಲೂ 8 ಅಂಗುಲದ ಫ್ಲಾಪಿ ಡಿಸ್ಕುಗಳನ್ನು ಅವಲಂಬಿಸಿತ್ತು. ಇದು ಯಂತ್ರದ ವೃದ್ಧಾಪ್ಯ. ವ್ಯಕ್ತಿಗಳ ಆದಾಯ ತೆರಿಗೆಯ ಮೂಲ ಕಡತವನ್ನು ನಿರ್ವಹಿಸುವ ಪ್ರೋಗ್ರಾಮು ಅಸೆಂಬ್ಲಿ ಭಾಷೆಯಲ್ಲಿ, ಅಂದರೆ ಒಂದು ನಿರ್ದಿಷ್ಟ ಯಂತ್ರದ ಒಳ ಆದೇಶಗಳಿಗೆ ಅಂಟಿಕೊಂಡ ಭಾಷೆಯಲ್ಲಿತ್ತು. ಇದು ಭಾಷೆಯ ಮಿತಿಯೇ ಹೌದು. ಕೋಬಾಲ್‌ನ ಸಂಗತಿ ಈ ಎರಡಕ್ಕಿಂತ ಭಿನ್ನ. ಅದರ ನಿಜವಾದ ಕಷ್ಟವಿರುವುದು ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ, ಅಂದರೆ ಯಾರೂ ಪೂರ್ತಿ ಓದಿರದ ಪ್ರೋಗ್ರಾಮುಗಳಲ್ಲಿ ಮತ್ತು ಆ ಪ್ರೋಗ್ರಾಮುಗಳಿಗೆ ಮಾತ್ರ ಅರ್ಥವಾಗುವ ದತ್ತಾಂಶದಲ್ಲಿ. ಆದ್ದರಿಂದ ಕೋಬಾಲ್ ಭಾಷೆಯನ್ನು ಒಂದು ಆಜ್ಞೆಯಿಂದ ಕೈಬಿಡಲು ಬರುವುದಿಲ್ಲ, ಕೈಬಿಡಬೇಕಾಗಿಯೂ ಇಲ್ಲ. ಬಿಡುವುದಾದರೆ ಒಂದೊಂದು ಪ್ರೋಗ್ರಾಮನ್ನು ಬಿಡಬೇಕು, ಅದೂ ಅದರೊಳಗಿನ ನಿಯಮಗಳನ್ನು ಓದಿ, ಬರೆದಿಟ್ಟು, ಸರಿಯೆಂದು ತಾಳೆ ನೋಡಿದ ನಂತರವೇ ಬಿಡಬೇಕು.

ಈ ಮಾತಿನ ತೂಕ ತಿಳಿಯಬೇಕಾದರೆ ಭಾಷೆ ಹುಟ್ಟಿದ ಬಗೆಯನ್ನು ನೋಡಬೇಕು. 1950ರ ದಶಕದ ಕೊನೆಯಲ್ಲಿ ಪ್ರತಿ ಕಂಪ್ಯೂಟರ್ ತಯಾರಕರಿಗೂ ತಮ್ಮದೇ ಭಾಷೆಯಿತ್ತು. ಒಂದು ಕಚೇರಿ ಯಂತ್ರ ಬದಲಿಸಿದರೆ ಸಂಬಳ, ದಾಸ್ತಾನು, ಬಿಲ್ಲುಗಳ ಪ್ರೋಗ್ರಾಮುಗಳನ್ನೆಲ್ಲ ಹೊಸದಾಗಿ ಬರೆಸಬೇಕಾಗುತ್ತಿತ್ತು. ಈ ವ್ಯರ್ಥ ವೆಚ್ಚವನ್ನು ತಪ್ಪಿಸಲು 1959ರ ಮೇ 28 ಮತ್ತು 29ರಂದು ಅಮೆರಿಕದ ರಕ್ಷಣಾ ಇಲಾಖೆ ತನ್ನ ಪೆಂಟಗನ್ ಕಟ್ಟಡದಲ್ಲಿ ತಯಾರಕರ ಮತ್ತು ಬಳಕೆದಾರರ ಸಭೆ ಕರೆಯಿತು. ಅಲ್ಲಿಂದ ಹುಟ್ಟಿದ ಕೋಡಸಿಲ್ ಎಂಬ ಒಕ್ಕೂಟ ಮೂರು ಸಮಿತಿಗಳನ್ನು ಕಲ್ಪಿಸಿಕೊಂಡಿತು: ಸದ್ಯದ ಅಗತ್ಯಕ್ಕೊಂದು ಭಾಷೆ ಕೊಡುವ ಅಲ್ಪಾವಧಿ ಸಮಿತಿ, ಅದಕ್ಕಿಂತ ಉತ್ತಮವಾದುದನ್ನು ಯೋಚಿಸುವ ಮಧ್ಯಮಾವಧಿ ಸಮಿತಿ, ಶಾಶ್ವತ ಪರಿಹಾರ ಹುಡುಕುವ ದೀರ್ಘಾವಧಿ ಸಮಿತಿ. ಮೂರನೆಯ ಸಮಿತಿ ರಚನೆಯಾಗಲೇ ಇಲ್ಲ. ಮೊದಲ ಸಮಿತಿಯೊಳಗಿನ ಆರು ಮಂದಿ, ಅವರಲ್ಲಿ ಜೀನ್ ಸ್ಯಾಮೆಟ್ ಮತ್ತು ಗರ್ಟ್ರೂಡ್ ಟಿಯರ್ನಿ ಎಂಬ ಇಬ್ಬರು ಮಹಿಳೆಯರು, ಸಿದ್ಧಪಡಿಸಿದ ತಾತ್ಕಾಲಿಕ ಭಾಷೆಯೇ ಕೋಬಾಲ್ ಎಂಬ ಹೆಸರಿನಲ್ಲಿ 1960ರ ಜನವರಿಯಲ್ಲಿ ಅಂಗೀಕಾರವಾಯಿತು. ಗ್ರೇಸ್ ಹಾಪರ್ ಅವರ ತಂಡ ಅದಕ್ಕೂ ಮೊದಲೇ ರೂಪಿಸಿದ್ದ ಫ್ಲೋ-ಮ್ಯಾಟಿಕ್ ಎಂಬ ಭಾಷೆ ಅದಕ್ಕೆ ಮುಖ್ಯ ಆಧಾರವಾಗಿತ್ತು.

ಸಮಿತಿಯ ಸದಸ್ಯರಿಗೇ ತಮ್ಮ ಕೂಸು ಬದುಕುವ ನಂಬಿಕೆ ಇರಲಿಲ್ಲ. ಕೆಲಸ ಸಾಗುತ್ತಿದ್ದ ರೀತಿಯಿಂದ ಬೇಸತ್ತ ಹೋವರ್ಡ್ ಬ್ರೊಂಬರ್ಗ್ ಎಂಬ ಸದಸ್ಯರು ಒಂದು ಗೋರಿಕಲ್ಲನ್ನು ಕೊಂಡು, ಅದರ ಮೇಲೆ ಕೋಬಾಲ್ ಎಂದು ಕೆತ್ತಿಸಿ, ಪೆಂಟಗನ್‌ನಲ್ಲಿ ಯೋಜನೆಯ ಹೊಣೆ ಹೊತ್ತಿದ್ದ ಚಾರ್ಲ್ಸ್ ಫಿಲಿಪ್ಸ್ ಅವರಿಗೆ ಕಳಿಸಿದರು. ಆ ಕಲ್ಲು ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಆದರೆ 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಮು ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಯೂನಿವ್ಯಾಕ್ ಮತ್ತು ಆರ್‌ಸಿಎ ಎಂಬ ಇಬ್ಬರು ತಯಾರಕರ ಯಂತ್ರಗಳಲ್ಲಿ ಓಡಿತು. ಕೋಬಾಲ್ ತಿಳಿಯದ ಕಂಪ್ಯೂಟರನ್ನು ಸಕಾರಣವಿಲ್ಲದೆ ಕೊಳ್ಳುವುದಿಲ್ಲವೆಂದು ಅಮೆರಿಕದ ಸರ್ಕಾರ ಪಟ್ಟು ಹಿಡಿದ ಮೇಲೆ ತಯಾರಕರೆಲ್ಲ ಅದನ್ನು ಒಪ್ಪಿಕೊಂಡರು. ಭಾಷೆಯೊಂದರ ಮರಣವನ್ನು ಮುಂಚಿತವಾಗಿ ಘೋಷಿಸುವುದು ಎಷ್ಟು ಅಪಾಯದ ಕೆಲಸವೆಂಬುದಕ್ಕೆ ಕೋಬಾಲ್‌ನ ಮೊದಲ ವರ್ಷವೇ ಸಾಕ್ಷಿ.

ಬಾಳಿಕೆಗೆ ಸರ್ಕಾರದ ಒತ್ತಾಸೆಯೊಂದೇ ಕಾರಣವಲ್ಲ. ಆ ಭಾಷೆ ತನ್ನ ಕೆಲಸಕ್ಕೆ ತಕ್ಕಂತೆ ರೂಪುಗೊಂಡಿತ್ತು ಎಂಬುದು ಅಷ್ಟೇ ಮುಖ್ಯ. ಕೋಬಾಲ್ ಪ್ರೋಗ್ರಾಮಿನಲ್ಲಿ ನಾಲ್ಕು ವಿಭಾಗಗಳಿರುತ್ತವೆ: ಪ್ರೋಗ್ರಾಮಿನ ಗುರುತು, ಅದು ಓಡುವ ಪರಿಸರ, ಅದು ಬಳಸುವ ದತ್ತಾಂಶದ ವರ್ಣನೆ, ಕೊನೆಗೆ ಮಾಡಬೇಕಾದ ಕೆಲಸದ ವಿಧಾನ. ದತ್ತಾಂಶದ ವಿಭಾಗದಲ್ಲಿ ಪ್ರತಿ ಅಂಶಕ್ಕೂ ಪಿಕ್ಚರ್ ಎಂಬ ಒಂದು ವರ್ಣನೆ ಇರುತ್ತದೆ. ಖಾತೆಯ ಬಾಕಿ ಮೊತ್ತಕ್ಕೆ ‘ಪಿಕ್ 9(7)ವಿ99’ ಎಂದು ಬರೆದರೆ, ಅಲ್ಲಿ 9 ಎಂಬುದು ಒಂದು ಅಂಕಿಯ ಜಾಗವನ್ನೂ, ಆವರಣದ 7 ಅಂಥ ಜಾಗಗಳ ಸಂಖ್ಯೆಯನ್ನೂ, ವಿ ಎಂಬುದು ದಶಾಂಶ ಬಿಂದು ಇರಬೇಕಾದ ಸ್ಥಳವನ್ನೂ ಸೂಚಿಸುತ್ತದೆ. ಅಂದರೆ ರೂಪಾಯಿಗೆ ಏಳು ಅಂಕಿ, ಪೈಸೆಗೆ ಎರಡು ಅಂಕಿ. ದಶಾಂಶ ಬಿಂದುವನ್ನು ಯಂತ್ರ ಎಲ್ಲಿಯೂ ಶೇಖರಿಸುವುದಿಲ್ಲ, ಅದು ಎಲ್ಲಿದೆಯೆಂಬುದನ್ನು ಈ ವರ್ಣನೆಯಿಂದಲೇ ತಿಳಿದುಕೊಳ್ಳುತ್ತದೆ.

ಸಾಧಾರಣವೆನಿಸುವ ಈ ಏರ್ಪಾಡಿನ ಹಿಂದೆ ದೊಡ್ಡ ವಿವೇಕವಿದೆ. ಇಂದಿನ ಬಹುತೇಕ ಭಾಷೆಗಳು ಭಿನ್ನರಾಶಿಗಳನ್ನು ಸಾಮಾನ್ಯವಾಗಿ ದ್ವಿಮಾನ ಪದ್ಧತಿಯಲ್ಲಿ, ಅಂದರೆ 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ ಇಟ್ಟುಕೊಳ್ಳುತ್ತವೆ. ಮೂರನೆಯ ಒಂದು ಭಾಗವನ್ನು ದಶಮಾನದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೆ ಹೋಗುವಂತೆ, ಹತ್ತನೆಯ ಒಂದು ಭಾಗವನ್ನು ದ್ವಿಮಾನದಲ್ಲಿ ಬರೆಯಹೊರಟರೆ ಅದೂ ಮುಗಿಯುವುದಿಲ್ಲ; ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಹಾಗಾಗಿ 0.1ನ್ನು ಹತ್ತು ಬಾರಿ ಕೂಡಿದರೆ ಅಂಥ ಲೆಕ್ಕದಲ್ಲಿ ಸರಿಯಾಗಿ 1 ಬರದೆ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಮೊತ್ತ ಬರುತ್ತದೆ. ಗ್ರಹಗಳ ಚಲನೆಯ ಲೆಕ್ಕಕ್ಕೆ ಇದು ತೊಡಕಲ್ಲ, ಆದರೆ ಕೋಟಿ ಖಾತೆಗಳ ಬಡ್ಡಿಯ ಲೆಕ್ಕಕ್ಕೆ ತೊಡಕು. ಕೋಬಾಲ್ ಹಣವನ್ನು ದಶಮಾನದಲ್ಲೇ ಇಟ್ಟು ದಶಮಾನದಲ್ಲೇ ಕೂಡುತ್ತದೆ. ಜಾವಾದಂಥ ಭಾಷೆಗಳಲ್ಲೂ ಇದನ್ನು ಸಾಧಿಸಲು ಪ್ರತ್ಯೇಕ ಸಾಧನಗಳಿವೆ. ವ್ಯತ್ಯಾಸವೆಂದರೆ ಅಲ್ಲಿ ಪ್ರೋಗ್ರಾಮರ್ ನೆನಪಿಟ್ಟು ಮಾಡಬೇಕಾದದ್ದು ಕೋಬಾಲ್‌ನಲ್ಲಿ ತಾನಾಗಿಯೇ ಒದಗಿಬರುತ್ತದೆ.

ಹೀಗೆಂದು ಕೋಬಾಲ್ ದೋಷವಿಲ್ಲದ ಭಾಷೆಯೆಂದು ಹೇಳಲಾಗದು, ಅದರ ಟೀಕಾಕಾರರ ಮಾತನ್ನು ತಳ್ಳಿಹಾಕಲೂ ಆಗದು. ಕಂಪ್ಯೂಟರ್ ವಿಜ್ಞಾನದ ದೊಡ್ಡ ಹೆಸರುಗಳಲ್ಲಿ ಒಬ್ಬರಾದ ನೆದರ್ಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರು 1975ರಲ್ಲಿ ಕೋಬಾಲ್ ಬಳಕೆ ಬುದ್ಧಿಯನ್ನು ಊನಗೊಳಿಸುತ್ತದೆ, ಅದನ್ನು ಕಲಿಸುವುದನ್ನು ಅಪರಾಧವೆಂದೇ ಪರಿಗಣಿಸಬೇಕು ಎಂಬರ್ಥದಲ್ಲಿ ಬರೆದಿದ್ದರು. ಆ ಕಾಲದ ಕೋಬಾಲ್‌ನಲ್ಲಿ ಅಂಥ ಕೋಪಕ್ಕೆ ಕಾರಣಗಳಿದ್ದವು. ‘ಗೋ ಟು’ ಎಂಬ ಆದೇಶ ಪ್ರೋಗ್ರಾಮಿನ ಓಟವನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹಾರಿಸುತ್ತಿತ್ತು. ‘ಆಲ್ಟರ್’ ಎಂಬ ಮತ್ತೊಂದು ಆದೇಶ, ಆ ಹಾರಿಕೆ ತಲುಪಬೇಕಾದ ಜಾಗವನ್ನೇ ಪ್ರೋಗ್ರಾಮು ಓಡುತ್ತಿರುವಾಗ ಬದಲಿಸಿಬಿಡುತ್ತಿತ್ತು. ಹೀಗಾಗಿ ಕಾಗದದ ಮೇಲಿನ ಸಾಲು ಹೇಳುವುದು ಒಂದು, ಯಂತ್ರ ಮಾಡುವುದು ಇನ್ನೊಂದು ಆಗುತ್ತಿತ್ತು. ಷರತ್ತಿನ ಆದೇಶವೊಂದು ಎಲ್ಲಿ ಮುಗಿಯುತ್ತದೆಂಬುದನ್ನು ವಾಕ್ಯದ ಕೊನೆಯ ಪೂರ್ಣವಿರಾಮವೇ ನಿರ್ಧರಿಸುತ್ತಿದ್ದುದರಿಂದ, ತಪ್ಪಿಬಿದ್ದ ಒಂದು ಚುಕ್ಕೆ ಲೆಕ್ಕದ ಅರ್ಥವನ್ನೇ ಬದಲಿಸಬಹುದಿತ್ತು. ಪ್ರೋಗ್ರಾಮಿನ ಎಲ್ಲ ದತ್ತಾಂಶವೂ ಪ್ರೋಗ್ರಾಮಿನ ಎಲ್ಲ ಭಾಗಗಳ ಕೈಗೂ ಸಿಗುತ್ತಿದ್ದುದರಿಂದ ಒಂದು ಮೊತ್ತವನ್ನು ಬದಲಿಸಿದವರು ಯಾರೆಂದು ಪತ್ತೆ ಹಚ್ಚುವುದು ಕಷ್ಟವಾಗಿತ್ತು.

ಈ ದೋಷಗಳಿಗೆ ಭಾಷೆ ಪ್ರತಿಕ್ರಿಯಿಸಿದ ರೀತಿಯಲ್ಲೇ ಇಂದಿನ ಪ್ರಶ್ನೆಗೆ ಒಂದು ಪಾಠವಿದೆ. 1968ರಲ್ಲಿ ಮೊದಲ ಬಾರಿ ರಾಷ್ಟ್ರೀಯ ಮಾನಕವಾಗಿ, ಅಂದರೆ ಎಲ್ಲ ತಯಾರಕರೂ ಒಪ್ಪಿದ ಒಂದೇ ನಿಯಮಾವಳಿಯಾಗಿ ಪ್ರಕಟವಾದ ಕೋಬಾಲ್, 1974, 1985, 2002, 2014 ಮತ್ತು 2023ರಲ್ಲಿ ಪರಿಷ್ಕಾರಗೊಂಡಿದೆ. ಷರತ್ತಿನ ಕೊನೆಯನ್ನು ಸ್ಪಷ್ಟ ಪದದಿಂದ ಗುರುತಿಸುವ ಸೌಲಭ್ಯ 1985ರಲ್ಲಿ ಬಂತು. ಅದೇ ವರ್ಷ ‘ಆಲ್ಟರ್’ ಆದೇಶವನ್ನು ಬಳಕೆ ತಪ್ಪಿಸಬೇಕಾದ ಪಟ್ಟಿಗೆ ಸೇರಿಸಿ, 2002ರ ಮಾನಕದಲ್ಲಿ ಪೂರ್ತಿ ತೆಗೆದುಹಾಕಲಾಯಿತು. ಅಂದರೆ ಭಾಷೆ ತನ್ನ ಕೆಟ್ಟ ಅಂಗಗಳನ್ನು ಒಂದೊಂದಾಗಿ, ಮುನ್ಸೂಚನೆ ಕೊಟ್ಟು, ಬಳಸುವವರಿಗೆ ಸಾಕಷ್ಟು ವರ್ಷಗಳ ಕಾಲಾವಕಾಶ ನೀಡಿ, ಕೈಬಿಟ್ಟಿದೆ. ಇಡೀ ಭಾಷೆಯನ್ನು ತೀರ್ಮಾನಿಸುವವರು ಇಷ್ಟೇ ತಾಳ್ಮೆಯನ್ನು ತೋರುವುದು ನ್ಯಾಯ.

ಕೋಬಾಲ್ ಇಂದು ಎಷ್ಟು ಬಳಕೆಯಲ್ಲಿದೆ ಎಂಬುದಕ್ಕೆ ಸಿಗುವ ಉತ್ತರಗಳು ಒಂದಕ್ಕೊಂದು ದೂರವಾಗಿವೆ. 1990ರ ದಶಕದ ಕೊನೆಯ ಒಂದು ಪ್ರಸಿದ್ಧ ಅಂದಾಜು ಸುಮಾರು 20 ಸಾವಿರ ಕೋಟಿ ಸಾಲುಗಳೆಂದರೆ, ಕೋಬಾಲ್ ಉಪಕರಣಗಳನ್ನು ಮಾರುವ ಕಂಪನಿಯೊಂದು 2022ರಲ್ಲಿ ಪ್ರಕಟಿಸಿದ ಸಮೀಕ್ಷೆ 80 ಸಾವಿರ ಕೋಟಿಯ ಆಸುಪಾಸಿನ ಅಂಕಿಯನ್ನು ಕೊಟ್ಟಿತು. ಪ್ರೋಗ್ರಾಮುಗಳು ಬ್ಯಾಂಕುಗಳ ಮತ್ತು ಇಲಾಖೆಗಳ ಒಳಗೆ ಮುಚ್ಚಿಕೊಂಡಿರುವುದರಿಂದ ಹೊರಗಿನವರು ಅವುಗಳನ್ನು ಎಣಿಸಲಾರರು. ಈ ಅಂತರವೇ ಅದನ್ನು ಹೇಳುತ್ತದೆ. ಒಂದೇ ಸಂಸ್ಥೆಯ ಅಳತೆಯನ್ನು ನೋಡುವುದಾದರೆ, ಅಮೆರಿಕದ ವೃದ್ಧರ ಮತ್ತು ಅಂಗವಿಕಲರ ಪಿಂಚಣಿಯನ್ನು ನಿರ್ವಹಿಸುವ ಸೋಷಿಯಲ್ ಸೆಕ್ಯುರಿಟಿ ಆಡಳಿತದಲ್ಲಿ ಸುಮಾರು 6 ಕೋಟಿ ಸಾಲುಗಳಷ್ಟು ಕೋಬಾಲ್ ಇರುವುದಾಗಿ ಅಧಿಕೃತವಾಗಿ ಹೇಳಲಾಗಿದೆ. ಇವು ಓಡುವ ಮೇನ್‌ಫ್ರೇಮ್‌ಗಳು, ಅಂದರೆ ಏಕಕಾಲಕ್ಕೆ ಸಾವಿರಾರು ವ್ಯವಹಾರಗಳನ್ನು ನಿಭಾಯಿಸುವ ದೊಡ್ಡ ಕಂಪ್ಯೂಟರುಗಳು, ಹಳೆಯವಲ್ಲ. ಐಬಿಎಂ ಕಂಪನಿ 1964ರಲ್ಲಿ ಸಿಸ್ಟಮ್/360 ಎಂಬ ಯಂತ್ರಕುಟುಂಬವನ್ನು ಘೋಷಿಸಿದಾಗಿನಿಂದ ಹಳೆಯ ಪ್ರೋಗ್ರಾಮುಗಳು ಹೊಸ ಯಂತ್ರದಲ್ಲೂ ಓಡುವಂತೆ ಕಾಯ್ದುಕೊಂಡು ಬಂದಿದೆ. ಹೀಗಾಗಿ ಅರ್ಧ ಶತಮಾನದ ಹಿಂದೆ ಬರೆದ ಲೆಕ್ಕ ನಿನ್ನೆ ತಯಾರಾದ ಯಂತ್ರದಲ್ಲಿ ನಡೆಯುತ್ತದೆ.

2020ರ ವಸಂತದಲ್ಲಿ ಈ ವ್ಯವಸ್ಥೆಗಳೆಲ್ಲ ಏಕಾಏಕಿ ಸುದ್ದಿಗೆ ಬಂದವು. ಕೊರೋನಾ ಕಾರಣದಿಂದ ಅಮೆರಿಕದಲ್ಲಿ ಉದ್ಯೋಗಗಳು ಕುಸಿದು, ಅದಕ್ಕೆ ಮೊದಲು ವಾರವೊಂದರಲ್ಲಿ 7 ಲಕ್ಷವನ್ನು ಮುಟ್ಟದಿದ್ದ ಹೊಸ ನಿರುದ್ಯೋಗ ಭತ್ಯೆ ಅರ್ಜಿಗಳ ಸಂಖ್ಯೆ ಮಾರ್ಚ್ ಕೊನೆಯ ವಾರದಲ್ಲಿ 60 ಲಕ್ಷದ ಆಸುಪಾಸಿಗೆ ಏರಿತು. ರಾಜ್ಯಗಳ ಅರ್ಜಿ ವ್ಯವಸ್ಥೆಗಳು ನಿಂತುಹೋದವು. ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಮನವಿ ಮಾಡಿದರು. ಅರವತ್ತು ವರ್ಷದ ಭಾಷೆಯೇ ಅಪರಾಧಿಯೆಂದು ಪತ್ರಿಕೆಗಳು ಬರೆದವು. ಆದರೆ ಗಣಕಯಂತ್ರಗಳ ಇತಿಹಾಸಕಾರ ಮಾರ್ ಹಿಕ್ಸ್ ಆ ವರ್ಷವೇ ತೋರಿಸಿಕೊಟ್ಟಂತೆ, ಜನರ ಒತ್ತಡಕ್ಕೆ ಮೊದಲು ಸೋತದ್ದು ಅರ್ಜಿ ಸ್ವೀಕರಿಸುವ ಹೊಸ ಜಾಲತಾಣದ ಭಾಗವೇ ಹೊರತು, ಹಿಂದೆ ಕೂತು ಲೆಕ್ಕ ಮಾಡುವ ಕೋಬಾಲ್ ಅಲ್ಲ.

ಫ್ಲೋರಿಡಾದ ಉದಾಹರಣೆ ಇನ್ನೂ ಸ್ಪಷ್ಟ. ಆ ರಾಜ್ಯ ತನ್ನ ಹಳೆಯ ವ್ಯವಸ್ಥೆಯನ್ನು ಬದಲಿಸಿ 2013ರಲ್ಲಿ ಸುಮಾರು 7.7 ಕೋಟಿ ಡಾಲರ್ ವೆಚ್ಚದ ‘ಕನೆಕ್ಟ್’ ಎಂಬ ಹೊಸ ವ್ಯವಸ್ಥೆಯನ್ನು ಜಾರಿಗೆ ತಂದಿತ್ತು. 2020ರಲ್ಲಿ ಅತಿ ಹೆಚ್ಚು ದೂರು ಕೇಳಿಸಿಕೊಂಡ ವ್ಯವಸ್ಥೆಗಳಲ್ಲಿ ಅದೂ ಒಂದಾಯಿತು. ಜನ ಕಾಗದದ ಅರ್ಜಿಗಳಿಗಾಗಿ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತರು. ಹೊಸ ಭಾಷೆ ಅವರನ್ನು ಕಾಪಾಡಲಿಲ್ಲ. ಎರಡೂ ರಾಜ್ಯಗಳಲ್ಲಿ ಕೊರತೆಯಿದ್ದದ್ದು ವ್ಯವಸ್ಥೆಯನ್ನು ಬಲ್ಲ ಜನರದು, ಅವರನ್ನು ಉಳಿಸಿಕೊಳ್ಳುವಷ್ಟು ಅನುದಾನದ್ದು, ಸಂಕಟ ಬರುವ ಮುನ್ನವೇ ಅದಕ್ಕೆ ಸಿದ್ಧವಾಗುವ ಮನಸ್ಸಿನದು. ಭಾಷೆಯ ವಯಸ್ಸನ್ನು ದೂರುವುದರಿಂದ ಆ ಹೊಣೆಗಾರಿಕೆ ಯಾರ ತಲೆಗೂ ಬಾರದೆ ಜಾರಿಹೋಗುತ್ತದೆ.

ಕೈಬಿಡುವ ಪ್ರಯತ್ನಗಳ ಇತಿಹಾಸವೂ ಎರಡು ಬಗೆಯದು. ಕಾಮನ್‌ವೆಲ್ತ್ ಬ್ಯಾಂಕ್ ಆಫ್ ಆಸ್ಟ್ರೇಲಿಯಾ 2008ರಲ್ಲಿ ತನ್ನ ಮೂಲ ಬ್ಯಾಂಕಿಂಗ್ ವ್ಯವಸ್ಥೆಯನ್ನು ಬದಲಿಸಲು ಹೊರಟು ಅದರಲ್ಲಿ ಯಶಸ್ವಿಯಾಯಿತು; ಆದರೆ ಕೆಲಸಕ್ಕೆ ಐದು ವರ್ಷಗಳಷ್ಟು ಕಾಲ ಹಿಡಿಯಿತು, ವೆಚ್ಚ 100 ಕೋಟಿ ಆಸ್ಟ್ರೇಲಿಯನ್ ಡಾಲರುಗಳನ್ನು ದಾಟಿತು. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು ತನ್ನ ಹಿಂದಿನ ಒಡೆಯರಾದ ಲಾಯ್ಡ್ಸ್ ಬ್ಯಾಂಕಿನ ವ್ಯವಸ್ಥೆಯಿಂದ ಹೊಸ ಒಡೆಯರ ವ್ಯವಸ್ಥೆಗೆ 2018ರ ಏಪ್ರಿಲಿನ ಒಂದು ವಾರಾಂತ್ಯದಲ್ಲಿ ಎಲ್ಲ ಖಾತೆಗಳನ್ನೂ ಒಟ್ಟಿಗೆ ಸಾಗಿಸಿತು. ಸುಮಾರು 19 ಲಕ್ಷ ಗ್ರಾಹಕರಿಗೆ ತಮ್ಮ ಖಾತೆಯ ಬಾಗಿಲು ಮುಚ್ಚಿಹೋಯಿತು, ಕೆಲವರಿಗೆ ಬೇರೆಯವರ ಖಾತೆಯ ವಿವರ ಕಂಡಿತು, ಆ ವರ್ಷವೇ ಬ್ಯಾಂಕಿನ ಮುಖ್ಯಸ್ಥರು ಹುದ್ದೆ ಬಿಟ್ಟರು, 2022ರ ಡಿಸೆಂಬರಿನಲ್ಲಿ ನಿಯಂತ್ರಕರು 4.86 ಕೋಟಿ ಪೌಂಡುಗಳಿಗೂ ಮಿಕ್ಕಿದ ದಂಡ ವಿಧಿಸಿದರು. ಹಳೆಯದನ್ನು ಬಿಡುವುದು ಅಸಾಧ್ಯವೆಂದು ಈ ಎರಡು ಪ್ರಸಂಗಗಳು ಹೇಳುವುದಿಲ್ಲ. ಅವಸರಕ್ಕೆ ತೆರಬೇಕಾದ ಬೆಲೆಯನ್ನು ಗ್ರಾಹಕರೂ ತೆರುತ್ತಾರೆಂದು ಹೇಳುತ್ತವೆ.

ಅವಸರ ಏಕೆ ಕೆಲಸಕ್ಕೆ ಬರುವುದಿಲ್ಲವೆಂಬುದು ಪ್ರೋಗ್ರಾಮಿನ ಒಳಹೊಕ್ಕು ನೋಡಿದಾಗ ತಿಳಿಯುತ್ತದೆ. ಕೋಬಾಲ್‌ನಲ್ಲಿ ಒಂದು ಲೆಕ್ಕದ ಫಲವನ್ನು ‘ರೌಂಡೆಡ್’ ಎಂಬ ಪದವಿಲ್ಲದೆ ಪೈಸೆಗೆ ಎರಡೇ ಅಂಕಿಯಿರುವ ಜಾಗದಲ್ಲಿ ಇಟ್ಟರೆ, ಮೂರನೆಯ ಅಂಕಿಯನ್ನು ಯಂತ್ರ ಕತ್ತರಿಸಿಬಿಡುತ್ತದೆ; 1250.678 ಎಂಬ ಬಡ್ಡಿ 1250.67 ಆಗುತ್ತದೆ. ಆ ಪದವಿದ್ದರೆ ಅದೇ ಬಡ್ಡಿ 1250.68 ಆಗುತ್ತದೆ. ಒಂದು ಖಾತೆಗೆ ಒಂದು ಪೈಸೆಯ ಅಂತರ, ಕೋಟಿ ಖಾತೆಗಳಿಗೆ ಒಂದು ಲಕ್ಷ ರೂಪಾಯಿಯ ಅಂತರ. ಪ್ರೋಗ್ರಾಮಿನ ಒಂದು ಕಡೆ ಆ ಪದ ಇದ್ದು ಮತ್ತೊಂದು ಕಡೆ ಇಲ್ಲದಿದ್ದರೆ, ಅದು ಬರೆದವರ ಮರೆವೋ, ಅಂದಿನ ನಿಯಂತ್ರಕರ ಸುತ್ತೋಲೆಯೋ, ಗ್ರಾಹಕರೊಂದಿಗಿನ ಒಪ್ಪಂದವೋ ಎಂಬುದನ್ನು ಆ ಸಾಲು ಹೇಳುವುದಿಲ್ಲ. ಉತ್ತರ ಗೊತ್ತಿಲ್ಲದೆ ಹೊಸ ಭಾಷೆಗೆ ಬರೆದವರು ಎರಡರಲ್ಲಿ ಒಂದನ್ನು ಊಹಿಸಬೇಕಾಗುತ್ತದೆ.

ದತ್ತಾಂಶದಲ್ಲಿ ಅಡಗಿರುವ ತೊಡಕು ಇನ್ನೂ ಸೂಕ್ಷ್ಮ. ಐಬಿಎಂ ಮೇನ್‌ಫ್ರೇಮ್‌ಗಳು ಅಕ್ಷರಗಳನ್ನು ಎಬ್ಸಿಡಿಕ್ ಎಂಬ ಸಂಕೇತಪದ್ಧತಿಯಲ್ಲಿ ಇಟ್ಟುಕೊಳ್ಳುತ್ತವೆ. ಬೇರೆ ಕಂಪ್ಯೂಟರುಗಳು ಸಾಮಾನ್ಯವಾಗಿ ಬಳಸುವುದು ಆಸ್ಕಿ ಎಂಬ ಪದ್ಧತಿಯನ್ನು ಮತ್ತು ಅದರ ಮೇಲೆ ಬೆಳೆದ ಪದ್ಧತಿಗಳನ್ನು. ವಿಂಗಡಿಸುವಾಗ ಎಬ್ಸಿಡಿಕ್‌ನಲ್ಲಿ ಇಂಗ್ಲಿಷ್ ಅಕ್ಷರಗಳು ಮೊದಲು ಬಂದು ಅಂಕಿಗಳು ಅನಂತರ ಬರುತ್ತವೆ. ಆಸ್ಕಿಯಲ್ಲಿ ಅಂಕಿಗಳು ಮೊದಲು, ಅಕ್ಷರಗಳು ಅನಂತರ. ರಾತ್ರಿಯ ವೇಳೆ ನಡೆಯುವ ಬ್ಯಾಚ್ ಕೆಲಸಗಳಲ್ಲಿ, ಅಂದರೆ ದಿನದ ವ್ಯವಹಾರಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಓಟದಲ್ಲಿ ಲೆಕ್ಕಕ್ಕೆ ಸೇರಿಸುವ ಕೆಲಸಗಳಲ್ಲಿ, ಖಾತೆಗಳ ಮೂಲ ಕಡತವನ್ನೂ ದಿನದ ವ್ಯವಹಾರಗಳ ಕಡತವನ್ನೂ ಒಂದೇ ಕ್ರಮದಲ್ಲಿ ವಿಂಗಡಿಸಿ, ಎರಡನ್ನೂ ಮೇಲಿನಿಂದ ಕೆಳಕ್ಕೆ ಜೊತೆಜೊತೆಯಾಗಿ ಓದುವ ರೂಢಿಯಿದೆ. ಒಂದು ಕಡತ ಹಳೆಯ ಕ್ರಮದಲ್ಲೂ ಇನ್ನೊಂದು ಹೊಸ ಕ್ರಮದಲ್ಲೂ ಇದ್ದರೆ, ಇರುವ ಖಾತೆಯೇ ಇಲ್ಲವೆಂದು ಪ್ರೋಗ್ರಾಮು ತೀರ್ಮಾನಿಸುತ್ತದೆ. ಯಾವ ಸಾಲಿನಲ್ಲೂ ಬರೆದಿರದ ಈ ಕ್ರಮವೂ ಆ ಪ್ರೋಗ್ರಾಮಿನ ಒಂದು ನಿಯಮವೇ.

ಈ ಬಗೆಯ ತಿಳಿವಳಿಕೆಗೂ ಬೆಂಗಳೂರಿಗೂ ನೇರವಾದ ನಂಟಿದೆ. ಹಳೆಯ ಪ್ರೋಗ್ರಾಮುಗಳು ಜಾಗ ಉಳಿಸಲು ವರ್ಷವನ್ನು ಕೊನೆಯ ಎರಡು ಅಂಕಿಗಳಲ್ಲಿ ಮಾತ್ರ ಬರೆದಿಟ್ಟಿದ್ದರಿಂದ, 2000ನೆಯ ಇಸವಿ ಬಂದಾಗ ಅವು ಅದನ್ನು 1900 ಎಂದು ತಿಳಿಯುವ ಭಯವಿತ್ತು. ವೈಟುಕೆ ಎಂದು ಹೆಸರಾದ ಈ ಸಮಸ್ಯೆಯ ದುರಸ್ತಿಗಾಗಿ ಪಾಶ್ಚಾತ್ಯ ದೇಶಗಳ ಬ್ಯಾಂಕು ಮತ್ತು ಕಂಪನಿಗಳು ಕೋಟ್ಯಂತರ ಸಾಲುಗಳ ಕೋಬಾಲನ್ನು ಭಾರತದ ಸಾಫ್ಟ್‌ವೇರ್ ಸಂಸ್ಥೆಗಳಿಗೆ ಒಪ್ಪಿಸಿದವು. 1990ರ ದಶಕದ ಕೊನೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದ ಒಂದು ತಲೆಮಾರು ಮೇನ್‌ಫ್ರೇಮ್ ತರಬೇತಿ ಪಡೆದು ಈ ಕೆಲಸಕ್ಕೆ ಸೇರಿತು. ಅಲ್ಲಿ ಗಳಿಸಿದ ನಂಬಿಕೆಯ ಮೇಲೆ ನಿರ್ವಹಣೆಯ ಗುತ್ತಿಗೆಗಳು ಬಂದವು. ಆ ದುರಸ್ತಿಯೂ ಎಲ್ಲೆಡೆ ಶಾಶ್ವತವಾಗಿರಲಿಲ್ಲ. ಹಲವೆಡೆ ವರ್ಷವನ್ನು ನಾಲ್ಕು ಅಂಕಿಗಳಿಗೆ ಹಿಗ್ಗಿಸುವ ಬದಲು, ಒಂದು ಗಡಿ ಅಂಕಿಯನ್ನು ಗೊತ್ತುಮಾಡಿ, ಅದಕ್ಕಿಂತ ಚಿಕ್ಕದನ್ನು 2000ದ ನಂತರದ ವರ್ಷವೆಂದೂ ದೊಡ್ಡದನ್ನು 1900ರ ನಂತರದ ವರ್ಷವೆಂದೂ ಓದುವ ಉಪಾಯ ಮಾಡಲಾಯಿತು. ಪ್ರತಿಯೊಂದು ಗಡಿಗೂ ಒಂದು ಕೊನೆಯ ವರ್ಷವಿದೆ, ಅದು ಯಾವುದೆಂಬುದು ಆ ಪ್ರೋಗ್ರಾಮನ್ನು ಓದಿದವರಿಗೆ ಮಾತ್ರ ಗೊತ್ತು.

ಇಂದಿಗೂ ಮೇನ್‌ಫ್ರೇಮ್ ತಂಡಗಳ ರಾತ್ರಿಪಾಳಿಯವರು ಆ ಓದನ್ನು ಮುಂದುವರಿಸುತ್ತಿದ್ದಾರೆ. ಬ್ಯಾಚ್ ಕೆಲಸವೊಂದು ನಡುವೆ ನಿಂತರೆ ಅದಕ್ಕೆ ಅವರು ಅಬೆಂಡ್ ಎನ್ನುತ್ತಾರೆ. ಅಂಕಿಯಿರಬೇಕಾದ ಜಾಗದಲ್ಲಿ ಖಾಲಿ ಅಕ್ಷರವೋ ಅಕ್ಷರಮಾಲೆಯ ಅಕ್ಷರವೋ ಬಂದು ಯಂತ್ರ ಲೆಕ್ಕ ನಿಲ್ಲಿಸಿದರೆ ಬರುವ ಸಂಕೇತಕ್ಕೆ ಅವರ ಬಾಯಲ್ಲಿ ‘ಸಾಕ್ ಸೆವೆನ್’ ಎಂದು ಹೆಸರು. ಬೆಳಗ್ಗೆ ಶಾಖೆಗಳು ತೆರೆಯುವುದರೊಳಗೆ ಲಕ್ಷಾಂತರ ದಾಖಲೆಗಳ ನಡುವಿನಿಂದ ಆ ಒಂದು ಕೆಟ್ಟ ದಾಖಲೆಯನ್ನು ಹುಡುಕಿ, ಅದು ಎಲ್ಲಿಂದ ಬಂತೆಂದು ತಿಳಿದು, ಕೆಲಸವನ್ನು ಮತ್ತೆ ಹೂಡಬೇಕು. ಹೀಗೆ ವರ್ಷಗಟ್ಟಲೆ ದುಡಿದವರು ಆ ಬ್ಯಾಂಕಿನ ನಿಯಮಗಳನ್ನು ಬ್ಯಾಂಕಿನ ಅಧಿಕಾರಿಗಳಿಗಿಂತ ಆಳವಾಗಿ ಬಲ್ಲವರಾಗಿರುತ್ತಾರೆ. ಆದರೂ ಉದ್ಯಮದೊಳಗೆ ಈ ದುಡಿಮೆಗೆ ಹೊಸದನ್ನು ಕಟ್ಟುವವರಿಗೆ ಸಿಗುವ ಗೌರವ ಸಿಗುವುದಿಲ್ಲ. ಗುತ್ತಿಗೆ ಬದಲಾದಾಗ ತಂಡ ಚದುರುತ್ತದೆ, ಬರೆದಿಡದ ತಿಳಿವಳಿಕೆ ಅವರೊಂದಿಗೇ ಹೊರಟುಹೋಗುತ್ತದೆ. ಕೋಬಾಲ್‌ನ ಬಿಕ್ಕಟ್ಟೆಂದು ಕರೆಯುವುದರ ತಿರುಳು ಈ ಸೋರಿಕೆಯಲ್ಲಿದೆ.

ಭಾಷೆಯೊಂದನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬುದನ್ನೂ ಕೇಳಬೇಕು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ತಂತ್ರಜ್ಞಾನದ ಬೆಂಬಲವನ್ನು ನಿಲ್ಲಿಸಲು ಸಾಧ್ಯವಾದದ್ದು ಅದು ಆ ಕಂಪನಿಯ ಸ್ವತ್ತಾಗಿದ್ದರಿಂದ. ಪೈಥಾನ್ ಭಾಷೆಯ ಎರಡನೆಯ ಆವೃತ್ತಿಯನ್ನು 2020ರ ಜನವರಿ 1ಕ್ಕೆ ನಿಲ್ಲಿಸಿದ್ದು ಅದನ್ನು ನಿರ್ವಹಿಸುವ ಸಮುದಾಯ. ಅದೇ ಭಾಷೆಯ ಮೂರನೆಯ ಆವೃತ್ತಿ 2008ರಲ್ಲೇ ಸಿದ್ಧವಿದ್ದರೂ, ಮೊದಲು 2015 ಎಂದಿದ್ದ ಗಡುವನ್ನು ಐದು ವರ್ಷ ಮುಂದೂಡಬೇಕಾಯಿತು. ಕೋಬಾಲ್‌ಗೆ ಒಡೆಯರಿಲ್ಲ. ಅದು ಅಂತರರಾಷ್ಟ್ರೀಯ ಮಾನಕ. ಅದನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರುಗಳನ್ನು ಹಲವು ಕಂಪನಿಗಳು ಮಾರುತ್ತವೆ, ಗ್ನುಕೋಬಾಲ್ ಎಂಬ ಮುಕ್ತ ಕಂಪೈಲರ್ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಆದ್ದರಿಂದ ಕೋಬಾಲ್‌ನ ನಿವೃತ್ತಿ ಎಂಬ ಒಂದೇ ತೀರ್ಮಾನ ಇರಲಾರದು. ಅದನ್ನು ಬಳಸುವ ಒಂದೊಂದು ಸಂಸ್ಥೆಯೂ ತನ್ನ ಒಂದೊಂದು ಪ್ರೋಗ್ರಾಮಿನ ಬಗ್ಗೆ ತೆಗೆದುಕೊಳ್ಳುವ ಬಿಡಿಬಿಡಿ ತೀರ್ಮಾನಗಳು ಮಾತ್ರ ಇರುತ್ತವೆ.

ಕೃತಕ ಬುದ್ಧಿಮತ್ತೆ ಈ ಕೆಲಸವನ್ನು ಸುಲಭಗೊಳಿಸುತ್ತದೆಂಬ ಭರವಸೆ ಈಗ ಹುಟ್ಟಿದೆ. ಕೋಬಾಲನ್ನು ಜಾವಾ ಭಾಷೆಗೆ ತರುವ ಇಂಥ ಸಾಧನವನ್ನು ಐಬಿಎಂ 2023ರಲ್ಲಿ ಪ್ರಕಟಿಸಿತು. ಅರ್ಥವಾಗದ ಪ್ರೋಗ್ರಾಮನ್ನು ವಿವರಿಸಲು, ಒಂದು ಮೊತ್ತ ಎಲ್ಲೆಲ್ಲಿ ಬದಲಾಗುತ್ತದೆಂದು ಪತ್ತೆ ಹಚ್ಚಲು ಇಂಥ ಸಾಧನಗಳು ನಿಜಕ್ಕೂ ನೆರವಾಗುತ್ತವೆ. ಆದರೆ ಸಾಲಿಗೆ ಸಾಲು ಇಟ್ಟು ಮಾಡಿದ ರೂಪಾಂತರದಿಂದ ಬರುವುದು ಹೊಸ ಭಾಷೆಯ ವೇಷದಲ್ಲಿರುವ ಕೋಬಾಲ್. ಕೋಬಾಲ್ ಗೊತ್ತಿಲ್ಲದ ಜಾವಾ ಪ್ರೋಗ್ರಾಮರ್‌ಗೂ, ಜಾವಾ ಗೊತ್ತಿಲ್ಲದ ಕೋಬಾಲ್ ಪ್ರೋಗ್ರಾಮರ್‌ಗೂ ಅದು ಸಮಾನವಾಗಿ ಅಪರಿಚಿತ. ಇದಕ್ಕಿಂತ ಮೂಲಭೂತವಾದ ಸಂಗತಿಯೆಂದರೆ, ರೂಪಾಂತರ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಸರಿಯಾದ ಉತ್ತರ ಯಾವುದೆಂದು ಮೊದಲೇ ಗೊತ್ತಿರಬೇಕು, ಮತ್ತು ಆ ಉತ್ತರ ಎಷ್ಟೋ ಬಾರಿ ಹಳೆಯ ಪ್ರೋಗ್ರಾಮಿನ ಹೊರಗೆ ಎಲ್ಲೂ ಇರುವುದಿಲ್ಲ.

ಹಾಗಾದರೆ ಒಂದು ಪ್ರೋಗ್ರಾಮನ್ನು ಬಿಡಬೇಕೋ ಉಳಿಸಬೇಕೋ ಎಂದು ನಿರ್ಧರಿಸುವ ಮಾನದಂಡಗಳು ಯಾವುವು? ಅದು ಮಾಡುವ ಕೆಲಸದ ನಿಯಮಗಳನ್ನು, ಪ್ರೋಗ್ರಾಮನ್ನು ಓದಲಾರದ ಅಧಿಕಾರಿಯೂ ಒಪ್ಪಿ ಸಹಿ ಹಾಕುವಂತೆ, ಸಾಮಾನ್ಯ ಭಾಷೆಯಲ್ಲಿ ಬರೆಯಲಾಗಿದೆಯೇ ಎಂಬುದು ಮೊದಲನೆಯದು. ಬದಲಾವಣೆ ಮಾಡಿದಾಗ ಫಲಿತಾಂಶ ಸರಿಯಿದೆಯೆಂದು ತೋರಿಸುವ ಪರೀಕ್ಷೆಗಳು ಇವೆಯೇ ಎಂಬುದು ಎರಡನೆಯದು. ಅದನ್ನು ತಿದ್ದಬಲ್ಲವರು ಕನಿಷ್ಠ ಇನ್ನೊಂದು ದಶಕಕ್ಕೆ ಸಿಗುತ್ತಾರೆಯೇ ಎಂಬುದು ಮೂರನೆಯದು. ಕಾನೂನೋ ಗ್ರಾಹಕರ ಅಗತ್ಯವೋ ಬದಲಾದಾಗ ಪ್ರೋಗ್ರಾಮು ಸಕಾಲದಲ್ಲಿ ಬದಲಾಗಬಲ್ಲುದೇ ಎಂಬುದು ನಾಲ್ಕನೆಯದು. ಈ ನಾಲ್ಕಕ್ಕೂ ಹೌದೆಂಬ ಉತ್ತರವಿದ್ದರೆ 1975ರಲ್ಲಿ ಬರೆದ ಕೋಬಾಲ್ ಪ್ರೋಗ್ರಾಮನ್ನು ಬಿಡಲು ಕಾರಣವಿಲ್ಲ. ಎಲ್ಲಕ್ಕೂ ಇಲ್ಲವೆಂಬ ಉತ್ತರವಿದ್ದರೆ 2015ರಲ್ಲಿ ಜಾವಾದಲ್ಲಿ ಬರೆದದ್ದೂ ಬಿಡಬೇಕಾದದ್ದೇ.

ಬಿಡಬೇಕೆಂದು ತೀರ್ಮಾನಿಸಿದ ಮೇಲೂ ಕೆಲಸಕ್ಕೆ ಒಂದು ಕ್ರಮ ಬೇಕು. ವ್ಯವಸ್ಥೆಯ ಒಂದು ಸಣ್ಣ ಭಾಗವನ್ನು ಆರಿಸಿಕೊಂಡು ಅದರ ನಿಯಮಗಳನ್ನು ಬರೆದಿಡುವುದು, ಹೊಸ ಪ್ರೋಗ್ರಾಮನ್ನು ಹಳೆಯದರ ಪಕ್ಕದಲ್ಲೇ ಓಡಿಸಿ ತಿಂಗಳ ಕೊನೆಯ, ವರ್ಷದ ಕೊನೆಯ ಲೆಕ್ಕಗಳನ್ನೂ ಸೇರಿಸಿ ಎರಡರ ಫಲವನ್ನು ಪೈಸೆಗೆ ಪೈಸೆ ತಾಳೆ ನೋಡುವುದು, ವ್ಯತ್ಯಾಸ ಬಂದಾಗ ಹಳೆಯದು ತಪ್ಪೋ ಹೊಸದು ತಪ್ಪೋ ಎಂದು ತೀರ್ಮಾನಿಸಿ ಅದನ್ನು ದಾಖಲಿಸುವುದು, ಆಮೇಲೆ ಮುಂದಿನ ಭಾಗಕ್ಕೆ ಹೋಗುವುದು. ಇದು ನಿಧಾನದ ದಾರಿ. ವಾರಾಂತ್ಯದಲ್ಲಿ ಎಲ್ಲವನ್ನೂ ಸಾಗಿಸುವ ಯೋಜನೆಯಷ್ಟು ಆಕರ್ಷಕವಾಗಿ ಇದನ್ನು ಆಡಳಿತ ಮಂಡಳಿಯ ಮುಂದೆ ಇಡಲು ಬರುವುದಿಲ್ಲ. ಆದರೆ ಈ ದಾರಿಯಲ್ಲಿ ಎಡವಿದರೆ ಒಂದು ಭಾಗವನ್ನು ಮಾತ್ರ ಹಿಂದಕ್ಕೆ ತರಬೇಕಾಗುತ್ತದೆ, ಗ್ರಾಹಕರ ಖಾತೆಯ ಬಾಗಿಲು ಮುಚ್ಚುವುದಿಲ್ಲ.

ಇದೆಲ್ಲ ನಡೆಯುವಷ್ಟು ಕಾಲ ಕೋಬಾಲ್ ಓದಬಲ್ಲವರು ಬೇಕಾಗುತ್ತಾರೆ. 2020ರ ಬಿಕ್ಕಟ್ಟಿನ ಬೆನ್ನಲ್ಲೇ ಓಪನ್ ಮೇನ್‌ಫ್ರೇಮ್ ಪ್ರಾಜೆಕ್ಟ್ ಎಂಬ ಸಂಘಟನೆ ಐಬಿಎಂ ಜೊತೆ ಸೇರಿ ಉಚಿತ ಕೋಬಾಲ್ ಪಾಠವನ್ನು ಆರಂಭಿಸಿದ್ದು ಸರಿಯಾದ ಹೆಜ್ಜೆ. ವೈಟುಕೆ ಕಾಲದಿಂದ ಈ ಕೆಲಸವನ್ನು ಬಲ್ಲ ಹಿರಿಯರು ಇರುವ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳು ಇದಕ್ಕಿಂತ ಮುಂದೆ ಹೋಗಬಹುದು. ಹೊಸ ಪ್ರೋಗ್ರಾಮು ಬರೆಯುವುದನ್ನಷ್ಟೇ ಕಲಿಸುವ ಪಠ್ಯಕ್ರಮದಲ್ಲಿ, ಬೇರೊಬ್ಬರು ಹಿಂದೆಂದೋ ಬರೆದದ್ದನ್ನು ಓದಿ, ಅದರೊಳಗಿನ ನಿಯಮವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ವಿವರಿಸಿ, ಪರೀಕ್ಷೆ ಬರೆದು ಸಾಬೀತುಪಡಿಸುವ ಒಂದು ಸೆಮಿಸ್ಟರಿನ ಪಾಠವನ್ನು ಸೇರಿಸಿದರೆ, ಆ ವಿದ್ಯಾರ್ಥಿಗಳು ಕೋಬಾಲ್‌ಗೆ ಮಾತ್ರವಲ್ಲದೆ, ಇಂದು ಬರೆಯುತ್ತಿರುವ, ಮೂವತ್ತು ವರ್ಷಗಳ ನಂತರ ಇದೇ ಸ್ಥಿತಿಗೆ ಬರಲಿರುವ ಭಾಷೆಗಳಿಗೂ ಸಿದ್ಧರಾಗುತ್ತಾರೆ.

ಕೋಬಾಲ್‌ನಲ್ಲಿ ಹೊಸ ವ್ಯವಸ್ಥೆಗಳನ್ನು ಕಟ್ಟಬೇಕೆಂದು ಇಂದು ಯಾರೂ ಒತ್ತಾಯಿಸುತ್ತಿಲ್ಲ, ಒತ್ತಾಯಿಸುವ ಅಗತ್ಯವೂ ಇಲ್ಲ. ಇರುವ ವ್ಯವಸ್ಥೆಗಳ ವಿಷಯದಲ್ಲಿ ಮಾತ್ರ ಹೊಣೆ ನಿಶ್ಚಿತವಾಗಿರಬೇಕು: ಸಾರ್ವಜನಿಕರ ಹಣವನ್ನೋ ಪಿಂಚಣಿಯನ್ನೋ ಲೆಕ್ಕ ಹಾಕುವ ಪ್ರತಿ ಸಂಸ್ಥೆಯೂ ತನ್ನ ಪ್ರೋಗ್ರಾಮುಗಳ ಪಟ್ಟಿಯನ್ನು, ಪ್ರತಿಯೊಂದರ ನಿಯಮಗಳ ದಾಖಲೆಯನ್ನು, ಅದನ್ನು ಬಲ್ಲವರ ಸಂಖ್ಯೆಯನ್ನು ವರ್ಷಕ್ಕೊಮ್ಮೆ ತನ್ನ ಲೆಕ್ಕಪರಿಶೋಧಕರ ಮುಂದಿಡಬೇಕು, ಮತ್ತು ಆ ದಾಖಲೆ ಪೂರ್ತಿಯಾಗುವವರೆಗೆ ಹಳೆಯದನ್ನು ನಿಲ್ಲಿಸುವ ದಿನಾಂಕವನ್ನು ಘೋಷಿಸಬಾರದು. ಈ ಶಿಸ್ತನ್ನು ಪಾಲಿಸಿದ ಸಂಸ್ಥೆಗೆ ಕೋಬಾಲನ್ನು ಬಿಡುವುದೂ ಕಷ್ಟವಾಗದು, ಉಳಿಸಿಕೊಳ್ಳುವುದೂ ಅಪಾಯವಾಗದು. ಪಾಲಿಸದ ಸಂಸ್ಥೆ ಯಾವ ಭಾಷೆಗೆ ಹೋದರೂ ಕೆಲವು ದಶಕಗಳ ನಂತರ ಇದೇ ಪ್ರಶ್ನೆಯನ್ನು ಇನ್ನೂ ಹೆಚ್ಚಿನ ಬೆಲೆ ತೆತ್ತು ಎದುರಿಸುತ್ತದೆ.